ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ನಮ್ಮ ತಾಳವಾಡಿ ಸೀಮೆಯ ಹುಡುಗನೊಬ್ಬನು ಊರಿನ ಶಾಲೆಯ ಓದನ್ನು ಮುಗಿಸಿ ಮುಂದಿನ ವಿದ್ಯಾಭ್ಯಾಸಕ್ಕೆಂದು ಹೊರಡುವ ದಿನ, ಅವನ ಮನೆಯವರ ಮನಸ್ಸಿನಲ್ಲಿ ಮೂಡುವ ಚಿಂತೆ ಯಾವುದೆಂಬುದನ್ನು ಈ ಸಂಚಿಕೆಯನ್ನೋದುವ ತಂದೆತಾಯಿಗಳಿಗೆ ನಾನು ವಿವರಿಸಬೇಕಾದುದಿಲ್ಲ. ಕಾಲೇಜಿನಲ್ಲಿ ಸ್ಥಳ ದೊರೆತೀತು. ಶುಲ್ಕವನ್ನು ಸಾಲಸೋಲ ಮಾಡಿಯಾದರೂ ಹೊಂದಿಸಬಹುದು. ಆದರೆ ಮಗನು ರಾತ್ರಿ ಎಲ್ಲಿ ಮಲಗುವನು, ಎಲ್ಲಿ ಉಣ್ಣುವನು, ಜ್ವರ ಬಂದರೆ ಯಾರು ನೋಡುವರು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಚಾಮರಾಜನಗರಕ್ಕೆ ಹೋದರೂ, ಮೈಸೂರು ಬೆಂಗಳೂರುಗಳಿಗೆ ಹೋದರೂ, ಘಟ್ಟವಿಳಿದು ಸತ್ಯಮಂಗಲ, ಈರೋಡು, ಕೊಯಮತ್ತೂರುಗಳಿಗೆ ಹೋದರೂ ಈ ಚಿಂತೆ ನಮ್ಮನ್ನು ಹಿಂಬಾಲಿಸಿಯೇ ಬರುತ್ತದೆ. ಎಷ್ಟೋ ಜಾಣಮಕ್ಕಳ ಓದು ಬುದ್ಧಿಯ ಕೊರತೆಯಿಂದ ನಿಲ್ಲದೆ, ತಲೆಯ ಮೇಲೊಂದು ಸೂರು ಇಲ್ಲದುದರಿಂದ ನಿಂತುಹೋಗಿರುವುದನ್ನು ಉಪಾಧ್ಯಾಯನಾದ ನಾನು ಕಣ್ಣಾರೆ ಕಂಡಿದ್ದೇನೆ.

ಈ ಚಿಂತೆಯನ್ನು ಇಂದಿಗೆ ನೂರಿಪ್ಪತ್ತು ವರ್ಷಗಳಿಗೂ ಹಿಂದೆಯೇ ತನ್ನ ಸ್ವಂತ ಚಿಂತೆಯನ್ನಾಗಿ ಮಾಡಿಕೊಂಡ ವರ್ತಕರೊಬ್ಬರು ನಮ್ಮ ಕನ್ನಡನಾಡಿನಲ್ಲಿ ಆಗಿಹೋದರು. ಅವರೇ ರಾವ್ ಬಹಾದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. ಅವರು ಕವಿಗಳಲ್ಲ, ಪಂಡಿತರಲ್ಲ, ಸಂಸ್ಥಾನದ ಅಧಿಕಾರಿಗಳೂ ಅಲ್ಲ; ಅಂಗಡಿಯಲ್ಲಿ ಕುಳಿತು ನ್ಯಾಯವಾಗಿ ಗಳಿಸಿ, ಗಳಿಸಿದುದನ್ನು ಪರರ ಮಕ್ಕಳಿಗೆ ಬಿಟ್ಟುಹೋದ ಗೃಹಸ್ಥರು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಅವರ ಜೀವನವನ್ನು ಸಂಕ್ಷೇಪವಾಗಿ ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ. ಏಕೆ ಉಚಿತವೆಂಬುದನ್ನು ವಾಚಕರು ಲೇಖನದ ಕೊನೆಯಲ್ಲಿ ತಿಳಿಯಬಹುದು.

ತೋಟದಪ್ಪನವರು ೧೮೩೮ರಲ್ಲಿ ಗುಬ್ಬಿಯ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ತುಮಕೂರಿಗೆ ಪಶ್ಚಿಮದಲ್ಲಿರುವ ಗುಬ್ಬಿಯು ಸಣ್ಣ ಊರಾದರೂ ಅದರ ಹೆಸರು ದೊಡ್ಡದು. ಹದಿನಾರನೆಯ ಶತಮಾನದಲ್ಲಿ ಭಾವಚಿಂತಾರತ್ನ, ವೀರಶೈವಾಮೃತ ಮಹಾಪುರಾಣಗಳನ್ನು ರಚಿಸಿದ ಮಲ್ಲಣಾರ್ಯನು ಗುಬ್ಬಿಯವನೇ. ಮುಂದೆ ಕನ್ನಡ ರಂಗಭೂಮಿಗೆ ಕೀರ್ತಿ ತಂದ ಗುಬ್ಬಿ ಕಂಪೆನಿಯೂ ೧೮೮೪ರಲ್ಲಿ ಅಲ್ಲಿಯೇ ಹುಟ್ಟಿತು. ಇವೆರಡರ ನಡುವೆ ಗುಬ್ಬಿಗೆ ಇನ್ನೊಂದು ಪ್ರಸಿದ್ಧಿಯೂ ಇದ್ದಿತು; ಅದು ವ್ಯಾಪಾರದ ಪ್ರಸಿದ್ಧಿ. ಸುತ್ತಣ ಊರುಗಳ ಸರಕು ಗುಬ್ಬಿಯ ಸಂತೆಗೆ ಬಂದು ಸೇರಿ, ಅಲ್ಲಿಂದ ದೂರದೂರಿಗೆ ಹೋಗುತ್ತಿದ್ದಿತು. ಅಂತಹ ಊರಿನಲ್ಲಿ ಬೆಳೆದ ಬಾಲಕನಿಗೆ ತೂಕ, ಅಳತೆ, ಲೆಕ್ಕ, ಮಾತಿನ ನಂಬಿಕೆ ಇವುಗಳ ಬೆಲೆ ತಿಳಿದುದು ಸಹಜವೇ ಆಗಿದೆ.

ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದ ತೋಟದಪ್ಪನವರು ಅಲ್ಲಿಯ ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ನಡೆಸಿದರು. ಆಗಿನ ಬೆಂಗಳೂರೆಂದರೆ ಒಂದು ಕಡೆ ಬ್ರಿಟಿಷರ ದಂಡು, ಇನ್ನೊಂದು ಕಡೆ ಕೆಂಪೇಗೌಡರ ಕಾಲದಿಂದಲೂ ಬಂದ ಹಳೆಯ ಪೇಟೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಚಿಕ್ಕಪೇಟೆ ಮುಂತಾದ ಬೀದಿಗಳಲ್ಲಿ ನಾಡಿನ ನಾನಾ ಭಾಗಗಳ ವರ್ತಕರು ನೆಲೆಸಿದ್ದರು. ಹೊರಗಿನಿಂದ ಬಂದ ಒಬ್ಬನು ಆ ಇಕ್ಕಟ್ಟಾದ ಬೀದಿಗಳಲ್ಲಿ ಸ್ಥಳ ಹಿಡಿದು, ನಾಲ್ಕು ಜನರ ವಿಶ್ವಾಸವನ್ನು ಸಂಪಾದಿಸಿ, ಶ್ರೀಮಂತನೆನಿಸಿಕೊಳ್ಳಬೇಕಾದರೆ ಎಷ್ಟು ವರ್ಷಗಳ ದುಡಿಮೆ ಬೇಕೆಂಬುದನ್ನು ವ್ಯಾಪಾರ ಬಲ್ಲವರು ಊಹಿಸಿಕೊಳ್ಳಬಲ್ಲರು. ಆ ದುಡಿಮೆಯಿಂದ ತೋಟದಪ್ಪನವರು ಐಶ್ವರ್ಯವಂತರಾದರು. ಆದರೆ ಆ ಐಶ್ವರ್ಯಕ್ಕೆ ಉತ್ತರಾಧಿಕಾರಿಯಾಗಲು ಅವರಿಗೆ ಮಕ್ಕಳಿರಲಿಲ್ಲ.

ಅವರು ಬದುಕಿದ ಕಾಲವು ಮೈಸೂರು ಸೀಮೆಗೆ ಕಷ್ಟದ ಕಾಲವೂ ಹೌದು, ಬದಲಾವಣೆಯ ಕಾಲವೂ ಹೌದು. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮದಲ್ಲಿ ಆ ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಅಳಿದರು. ೧೮೮೧ರಲ್ಲಿ ಬ್ರಿಟಿಷರು ರಾಜ್ಯಾಧಿಕಾರವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದರು. ಮದರಾಸಿನ ಕಡೆಯಿಂದ ೧೮೬೪ರಲ್ಲಿಯೇ ಬೆಂಗಳೂರಿನ ದಂಡಿಗೆ ರೈಲು ಬಂದಿದ್ದಿತು. ೧೮೮೨ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೂ, ಅದೇ ದಶಕದಲ್ಲಿ ತುಮಕೂರು ಗುಬ್ಬಿಗಳ ಮಾರ್ಗವಾಗಿ ಉತ್ತರದ ಕಡೆಗೂ ಹಳಿಗಳು ಹಾಕಲ್ಪಟ್ಟವು. ಹೀಗೆ ತೋಟದಪ್ಪನವರ ಹುಟ್ಟೂರಿಗೂ ಅವರ ಅಂಗಡಿಯ ಊರಿಗೂ ನಡುವೆ ಎತ್ತಿನ ಗಾಡಿಯ ದಿನಗಳ ಪಯಣವು ಕೆಲವು ಗಂಟೆಗಳ ಪಯಣವಾಯಿತು.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸತಕ್ಕದ್ದಾಗಿದೆ. ಕಾಲುನಡೆಯ, ಗಾಡಿಯ ದಿನಗಳಲ್ಲಿ ದಾರಿಹೋಕನಿಗೆ ನೆರವಾಗಲೆಂದು ನಮ್ಮ ಹಿರಿಯರು ಸಾಲುಮರಗಳನ್ನು ನೆಡಿಸಿದರು, ಅರವಟಿಗೆಗಳನ್ನಿಟ್ಟರು, ಒಂದೊಂದು ದಿನದ ನಡಿಗೆಗೊಂದರಂತೆ ಛತ್ರಗಳನ್ನು ಕಟ್ಟಿಸಿದರು. ನಮ್ಮ ತಲಮಲೆಯ ಕೆಳಗಿನ ಗಜ್ಜಲಹಟ್ಟಿ ಕಣಿವೆಯ ಹಾದಿಯಲ್ಲಿ ಮೈಸೂರಿಗೂ ಕೊಯಮತ್ತೂರಿಗೂ ನಡುವೆ ಹೇರೆತ್ತುಗಳೊಡನೆ ಸಂಚರಿಸುತ್ತಿದ್ದ ಹಿಂದಿನವರಿಗೆ ಇಂತಹ ತಂಗುದಾಣಗಳೇ ಪ್ರಾಣಾಧಾರ. ರೈಲು ಬಂದ ಮೇಲೆ ಈ ವ್ಯವಸ್ಥೆ ತಲೆಕೆಳಗಾಯಿತು. ದಾರಿಯುದ್ದಕ್ಕೂ ಹಂಚಿಹೋಗಿದ್ದ ಪ್ರಯಾಣಿಕರು ಈಗ ನೂರಾರು ಸಂಖ್ಯೆಯಲ್ಲಿ ಒಂದೇ ಕಡೆ, ಒಂದೇ ಹೊತ್ತಿನಲ್ಲಿ ಬಂದಿಳಿಯತೊಡಗಿದರು. ಕಚೇರಿಯ ಕೆಲಸಕ್ಕೆ ಬಂದ ರೈತ, ಆಸ್ಪತ್ರೆಗೆ ಬಂದ ರೋಗಿ, ಸರಕು ಕೊಳ್ಳಲು ಬಂದ ಹಳ್ಳಿಯ ವ್ಯಾಪಾರಿ, ಶಾಲೆಗೆ ಸೇರಲು ಬಂದ ಬಾಲಕ, ಇವರೆಲ್ಲರಿಗೂ ಪರಿಚಯವಿಲ್ಲದ ದೊಡ್ಡ ಊರಿನಲ್ಲಿ ರಾತ್ರಿ ಕಳೆಯಲು ನೆಲೆಯಿಲ್ಲದಂತಾಯಿತು. ಹಳೆಯ ಧರ್ಮವನ್ನು ಹೊಸ ದಾರಿಯ ಬಾಯಿಗೆ ತಂದು ನಿಲ್ಲಿಸಬೇಕಾಗಿದ್ದಿತು. ಅದನ್ನು ಮಾಡಿದವರಲ್ಲಿ ತೋಟದಪ್ಪನವರು ಅಗ್ರಗಣ್ಯರು.

೧೮೯೭ರಲ್ಲಿ ಅವರು ಬೆಂಗಳೂರು ನಗರ ರೈಲು ನಿಲ್ದಾಣದ ಹತ್ತಿರ ಎರಡೂವರೆ ಎಕರೆ ಭೂಮಿಯನ್ನು ರೈಲ್ವೆಯವರಿಂದಲೇ ೧೦,೦೦೦ ರೂಪಾಯಿಗಳಿಗೆ ಕೊಂಡರು. ಆ ಕಾಲದ ಹತ್ತು ಸಾವಿರವೆಂದರೆ ಸಾಮಾನ್ಯ ಮೊತ್ತವಲ್ಲ. ಊರ ಹೊರಗೆ ಇದಕ್ಕಿಂತ ಅಗ್ಗವಾದ ನೆಲ ಅವರಿಗೆ ಬೇಕಾದಷ್ಟು ಸಿಕ್ಕುತ್ತಿದ್ದಿತು. ಆದರೆ ಗಂಟುಮೂಟೆ ಹೊತ್ತು ಇಳಿದ ಪರಸ್ಥಳದವನಿಗೆ ಕಣ್ಣಿಗೆ ಬೀಳುವಷ್ಟು ಸಮೀಪದಲ್ಲಿ ಛತ್ರವಿರಬೇಕೆಂಬುದು ವ್ಯಾಪಾರಿಯ ಬುದ್ಧಿಗೆ ಹೊಳೆದ ಸತ್ಯ. ಅಂಗಡಿಯನ್ನು ಗಿರಾಕಿಯ ದಾರಿಯಲ್ಲಿ ಇಡುವ ಜಾಣ್ಮೆಯನ್ನೇ ಅವರು ದಾನಕ್ಕೂ ಉಪಯೋಗಿಸಿದರು. ನಿಲ್ದಾಣದ ಎದುರಿಗೆ ಆಗ ಧರ್ಮಾಂಬುಧಿ ಕೆರೆಯಿದ್ದಿತು. ಆ ಕೆರೆಯು ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ಎದ್ದು ನಿಂತುದು ಬಹುಕಾಲದ ನಂತರದ ಮಾತು.

ಭೂಮಿಯನ್ನು ಕೊಂಡ ಮರುವರ್ಷವೇ, ಅಂದರೆ ೧೮೯೮ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿಗೆ ಪ್ಲೇಗಿನ ಮಾರಿ ಕಾಲಿಟ್ಟಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮನೆಮನೆಯಲ್ಲೂ ಸಾವು ಕಾಣಿಸಿಕೊಂಡಿತು, ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಗುಡಿಸಿಲುಗಳಿಗೆ ಹೋದರು, ವ್ಯಾಪಾರವು ಕುಂದಿತು. ಗಾಳಿ ಬೆಳಕುಗಳಿರುವ ಬಸವನಗುಡಿ, ಮಲ್ಲೇಶ್ವರಗಳು ಬಡಾವಣೆಗಳಾಗಿ ಬೆಳೆದುದು ಈ ವಿಪತ್ತಿನ ಫಲವಾಗಿಯೇ. ಅಂತಹ ವರ್ಷಗಳಲ್ಲಿ ವರ್ತಕನಾದವನು ಕೈಯಲ್ಲಿರುವ ಹಣವನ್ನು ಬಿಗಿಹಿಡಿಯುವುದು ಲೋಕರೂಢಿ. ತೋಟದಪ್ಪನವರು ಹಿಡಿದ ಕಾರ್ಯವನ್ನು ಬಿಡಲಿಲ್ಲ. ಭೂಮಿಯನ್ನು ಕೊಂಡ ಆರನೆಯ ವರ್ಷದಲ್ಲಿ ಅವರ ಸಂಕಲ್ಪವು ಕಟ್ಟಡದ ರೂಪವನ್ನು ತಾಳಿ ನಿಂತಿತು.

೧೯೦೩ನೆಯ ಇಸವಿ ಫೆಬ್ರವರಿ ೧೧ರಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಈ ಧರ್ಮಛತ್ರದ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಮಹಾರಾಜರಿಗೆ ಆಗ ಇನ್ನೂ ಹದಿನೆಂಟರ ಹರೆಯ. ೧೯೦೨ರ ಆಗಸ್ಟಿನಲ್ಲಿ ಅವರು ರಾಜ್ಯಭಾರವನ್ನು ವಹಿಸಿಕೊಂಡು ಆರು ತಿಂಗಳಾಗಿದ್ದಿತಷ್ಟೆ. ಅರವತ್ತೈದರ ಸಮೀಪದ ವೃದ್ಧ ವರ್ತಕನೂ, ಹದಿಹರೆಯದ ಅರಸನೂ ಒಂದೇ ಹೊಸ್ತಿಲಿನಲ್ಲಿ ನಿಂತ ಆ ದಿನವನ್ನು ನೆನೆದರೆ ಮನಸ್ಸಿಗೆ ಸಂತೋಷವಾಗುತ್ತದೆ. ಮುಂದೆ ಆ ಅರಸರೇ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ವಿದ್ಯೆಗೆ ಮಂದಿರವನ್ನು ಅರಸನು ಕಟ್ಟಿದನು; ಆ ಮಂದಿರಕ್ಕೆ ನಡೆದುಬರುವ ಬಡಹುಡುಗನಿಗೆ ಮನೆಯನ್ನು ವರ್ತಕನು ಅದಕ್ಕೂ ಮೊದಲೇ ಕಟ್ಟಿಟ್ಟಿದ್ದನು.

ಏಕೆಂದರೆ ತೋಟದಪ್ಪನವರ ಧರ್ಮವು ಪ್ರಯಾಣಿಕರ ಛತ್ರದಲ್ಲಿಯೇ ಮುಗಿಯಲಿಲ್ಲ. ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ಅದರೊಡನೆ ಸೇರಿಕೊಂಡಿತು. ಇದರ ಮಹತ್ತ್ವವನ್ನು ತಿಳಿಯಬೇಕಾದರೆ ಆ ಕಾಲದ ವಿದ್ಯಾರ್ಥಿಯ ಸ್ಥಿತಿಯನ್ನು ಅರಿಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜು ೧೮೫೮ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿ ಕಾಲೇಜಾಗಿ ಬೆಳೆದಿದ್ದಿತು. ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಬರುವವರೆಗೂ ಅಲ್ಲಿಯ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ಕುಳಿತುಕೊಳ್ಳುತ್ತಿದ್ದರು. ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯೂ ಮದರಾಸಿನ ಆಡಳಿತದಲ್ಲಿಯೇ ಇದ್ದಿತೆಂಬುದನ್ನು ನೆನೆದರೆ, ವಿದ್ಯೆಯ ವಿಷಯದಲ್ಲಿ ಗಡಿಯು ಎಂದೂ ಗೋಡೆಯಾಗಿರಲಿಲ್ಲವೆಂದು ತಿಳಿಯುತ್ತದೆ. ಕಾಲೇಜೇನೋ ಇದ್ದಿತು; ಹಳ್ಳಿಯಿಂದ ಬಂದವನು ಉಳಿದುಕೊಳ್ಳುವ ಬಗೆ? ನೆಂಟರಿದ್ದವರು ನೆಂಟರ ಮನೆಯ ಜಗಲಿಯಲ್ಲಿದ್ದರು. ಕೆಲವರು ವಾರಾನ್ನದಿಂದ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಓದುತ್ತಿದ್ದರು. ಒಕ್ಕಲು ಮಾಡುವ, ಪೇಟೆಯಲ್ಲಿ ಬಂಧುಬಳಗವಿಲ್ಲದ ಮನೆತನಗಳ ಮಕ್ಕಳಿಗೆ ಇವೆರಡೂ ದೂರವೇ. ಅಂತಹ ಮಕ್ಕಳಿಗೆ ಅವರವರ ಸಮಾಜದ ಹಿರಿಯರೇ ನಿಲಯಗಳನ್ನು ಕಟ್ಟಿಸತೊಡಗಿದ ಕಾಲವದು. ತೋಟದಪ್ಪನವರ ವಿದ್ಯಾರ್ಥಿನಿಲಯವೂ ತಮ್ಮ ಸಮಾಜದ ಬಡ ವಿದ್ಯಾರ್ಥಿಗಳನ್ನು ಉದ್ದೇಶಿಸಿದುದಾಗಿದ್ದಿತು.

ಈ ಮಿತಿಯನ್ನು ಮರೆಮಾಚುವುದು ಚರಿತ್ರೆಯನ್ನು ಬರೆಯುವವನಿಗೆ ತಕ್ಕುದಲ್ಲ. ಇಂದಿನ ನಮ್ಮ ಕಣ್ಣಿಗೆ ಒಂದು ಸಮಾಜಕ್ಕೆ ಮಾತ್ರ ತೆರೆದ ಬಾಗಿಲು ಕಿರಿದಾಗಿ ತೋರುವುದು ನಿಜ. ಆದರೆ ಎಲ್ಲ ಬಾಗಿಲುಗಳೂ ಮುಚ್ಚಿದ್ದ ದಿನಗಳಲ್ಲಿ ಒಂದನ್ನು ತೆರೆದವರನ್ನು ತೂಗುವಾಗ, ಆ ಬಾಗಿಲಿನಿಂದ ಹೊರಬಂದವರು ಮುಂದೆ ಏನು ಮಾಡಿದರೆಂಬುದನ್ನೂ ತಕ್ಕಡಿಯಲ್ಲಿ ಇಡಬೇಕು. ಆ ಮಾತನ್ನು ಮುಂದೆ ಹೇಳುತ್ತೇನೆ.

ತೋಟದಪ್ಪನವರ ಧರ್ಮಕಾರ್ಯವನ್ನು ಮೆಚ್ಚಿ ಮೈಸೂರು ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರವು ರಾವ್ ಬಹಾದ್ದೂರ್ ಪದವಿಯನ್ನು ಕೊಟ್ಟಿತು. ಬಿರುದುಗಳು ಬಂದವೆಂದು ಅವರು ಸುಮ್ಮನೆ ಕೂಡಲಿಲ್ಲ. ಕಟ್ಟಡವು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ನಡೆಸುವ ಕೈಗಳಿಲ್ಲದಿದ್ದರೆ ಹಾಳುಬೀಳುವುದೆಂಬುದನ್ನು ಅವರು ಬಲ್ಲರು. ನಮ್ಮ ನಾಡಿನಲ್ಲಿ ಕಟ್ಟಿಸಿದವನು ಕಣ್ಣುಮುಚ್ಚಿದೊಡನೆ ಬಾವಲಿಗಳ ಮನೆಯಾದ ಛತ್ರಗಳೆಷ್ಟಿಲ್ಲ! ಆದುದರಿಂದ ಅವರು ತಮ್ಮ ಕೊನೆಗಾಲದಲ್ಲಿ ತಮ್ಮ ಆಸ್ತಿಯೆಲ್ಲವನ್ನೂ ಧರ್ಮಕ್ಕೆ ಬಿಟ್ಟು, ಅದನ್ನು ನೋಡಿಕೊಳ್ಳಲು ಒಂದು ಧರ್ಮಸಂಸ್ಥೆಯನ್ನು ಏರ್ಪಡಿಸಿದರು. ಅದರ ಮೊದಲ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟರು ವಹಿಸಿಕೊಂಡರು. ಇದಾದ ಬಳಿಕ ೧೯೧೦ನೆಯ ಇಸವಿ ಫೆಬ್ರವರಿ ೨೧ರಂದು ತೋಟದಪ್ಪನವರು ಲಿಂಗೈಕ್ಯರಾದರು. ಛತ್ರದ ಬಾಗಿಲು ತೆರೆದು ಆಗ ಏಳು ವರ್ಷ ತುಂಬಿ ಹತ್ತು ದಿನಗಳಾಗಿದ್ದವು.

ತಕ್ಕವರನ್ನು ಆರಿಸುವುದೂ ದಾನದ ಒಂದು ಭಾಗವೇ. ಪುಟ್ಟಣ್ಣಚೆಟ್ಟರು ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ, ಸರ್ ಪದವಿಯನ್ನು ಪಡೆದು, ೧೯೩೮ರವರೆಗೆ ಬದುಕಿದ್ದ ಲೋಕೋಪಕಾರಿಗಳು. ೧೯೩೩ರಲ್ಲಿ ಶಂಕುಸ್ಥಾಪನೆಯಾಗಿ ೧೯೩೫ರಲ್ಲಿ ಪ್ರಾರಂಭವಾದ ಬೆಂಗಳೂರಿನ ಪುರಭವನವು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಜನರು ಒಂದೆಡೆ ಸೇರಲು ಸ್ಥಳವಿರಬೇಕೆಂಬ ಚಿಂತೆ ಇವರಿಬ್ಬರಿಗೂ ಸಮಾನವಾಗಿದ್ದಿತೆಂದು ಇದರಿಂದ ತೋರುತ್ತದೆ.

ಇನ್ನು ಆ ವಿದ್ಯಾರ್ಥಿನಿಲಯದಿಂದ ಹೊರಬಂದವರ ಮಾತು. ೧೯೨೭ರಲ್ಲಿ ಮಾಗಡಿ ಸೀಮೆಯ ವೀರಾಪುರವೆಂಬ ಹಳ್ಳಿಯ ಶಿವಣ್ಣನೆಂಬ ತರುಣನು ಸೆಂಟ್ರಲ್ ಕಾಲೇಜಿಗೆ ಸೇರಿದನು. ಅವನು ವಾಸವಾಗಿದ್ದುದು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ಆ ಸೂರನ್ನು ಕಟ್ಟಿಸಿದ ಪುಣ್ಯಾತ್ಮರು ತೀರಿಕೊಂಡು ಆಗ ಹದಿನೇಳು ವರ್ಷಗಳಾಗಿದ್ದವು. ಓದು ನಡೆಯುತ್ತಿದ್ದಾಗಲೇ, ೧೯೩೦ರಲ್ಲಿ, ತುಮಕೂರಿನ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಬೇಕಾದ ಕರೆ ಅವನಿಗೆ ಬಂದಿತು. ಆ ತರುಣನೇ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು. ೨೦೧೯ರ ಜನವರಿ ೨೧ರಂದು ಅವರು ಲಿಂಗೈಕ್ಯರಾಗುವ ವೇಳೆಗೆ ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ಪಡೆಯುತ್ತಿದ್ದರು. ಆ ಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದರು, ಎಲ್ಲ ಮತದವರೂ ಇದ್ದರು. ತೋಟದಪ್ಪನವರು ತಮ್ಮವರಿಗೆಂದು ತೆರೆದ ಬಾಗಿಲಿನೊಳಗೆ ಬಂದು ಓದಿದವರು, ತಾವು ಬಾಗಿಲು ತೆರೆಯುವ ಸರದಿ ಬಂದಾಗ ಅದನ್ನು ಯಾರಿಗೂ ಮುಚ್ಚದಂತೆ ತೆರೆದರು. ಒಂದು ದೀಪದಿಂದ ಹಚ್ಚಿದ ಮತ್ತೊಂದು ದೀಪವು ಮೊದಲಿನದಕ್ಕಿಂತ ಹೆಚ್ಚು ದೂರ ಬೆಳಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಮುಂದೇನಾಗುವುದೆಂದು ತೋಟದಪ್ಪನವರು ಕನಸಿನಲ್ಲಿಯೂ ಎಣಿಸಿರಲಾರರು. ಮರವನ್ನು ನೆಟ್ಟವನು ಅದರ ನೆರಳಿನಲ್ಲಿ ಯಾರು ಕೂರುವರೆಂದು ಕೇಳುವುದಿಲ್ಲ.

ಇಂದಿಗೂ ಬೆಂಗಳೂರಿನ ರೈಲು ನಿಲ್ದಾಣದಿಂದ ಹೊರಬಂದವರಿಗೆ ಸಮೀಪದಲ್ಲಿಯೇ ಗುಬ್ಬಿ ತೋಟದಪ್ಪ ರಸ್ತೆಯೂ, ಅವರ ಛತ್ರವೂ ಸಿಕ್ಕುತ್ತವೆ. ಅವರ ಹೆಸರಿನ ಧರ್ಮಸಂಸ್ಥೆಯೂ ವಿದ್ಯಾರ್ಥಿಗಳ ಸೇವೆಯನ್ನು ನಡೆಸಿಕೊಂಡು ಬಂದಿದೆ. ಮಕ್ಕಳಿಲ್ಲದ ವರ್ತಕರ ಹೆಸರನ್ನು ಅವರ ಮನೆಯಲ್ಲಿದ್ದು ಓದಿದ ಸಾವಿರಾರು ಪರರ ಮಕ್ಕಳು ಉಳಿಸಿದ್ದಾರೆ.

ಇನ್ನು ನಮ್ಮ ಮಾತಿಗೆ ಬರುತ್ತೇನೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು; ನಾವು ಇಲ್ಲಿಯೇ ಉಳಿದೆವು. ಕೊಯಮತ್ತೂರು ಜಿಲ್ಲೆಯವರಾಗಿದ್ದ ನಾವು ೧೯೭೯ರಿಂದೀಚೆಗೆ ಈರೋಡು ಕೇಂದ್ರವಾದ ಜಿಲ್ಲೆಯವರಾದೆವು. ಇದರಲ್ಲಿ ದುಃಖಿಸಬೇಕಾದುದೇನೂ ಇಲ್ಲ. ತಮಿಳು ಬಂಧುಗಳೊಡನೆ ನಾವು ಸೌಹಾರ್ದದಿಂದಲೇ ಬಾಳಿದ್ದೇವೆ, ನಮ್ಮ ಮಕ್ಕಳು ಎರಡು ಭಾಷೆಗಳನ್ನೂ ಬಲ್ಲವರಾಗಿದ್ದಾರೆ. ಆದರೆ ಓದಿಗೆ ಹೊರಡುವ ಮಗುವಿಗೆ ಎರಡು ಕಡೆಯೂ ದಾರಿ ದೂರ. ರೈಲುದಾರಿಯು ಇಂದಿಗೂ ಚಾಮರಾಜನಗರದಲ್ಲಿಯೇ ನಿಂತಿದೆ. ಇತ್ತ ದಿಂಬಂ ಘಟ್ಟದ ೨೭ ತಿರುವುಗಳನ್ನಿಳಿದು ಹೋಗುವ ಹಾದಿಯಲ್ಲಿ, ವನ್ಯಮೃಗಗಳ ರಕ್ಷಣೆಗಾಗಿ ೨೦೨೨ರಿಂದ ರಾತ್ರಿಯ ವಾಹನಸಂಚಾರಕ್ಕೆ ನಿರ್ಬಂಧವಿದೆ. ಮೃಗಗಳ ರಕ್ಷಣೆ ಧರ್ಮವೇ. ಆದರೆ ಸಂಜೆಯ ತರಗತಿ ಮುಗಿಸಿ ಮನೆಗೆ ಬರಬೇಕಾದ ವಿದ್ಯಾರ್ಥಿಯ ಪಾಡನ್ನೂ ಯಾರಾದರೂ ಯೋಚಿಸಬೇಕಲ್ಲವೆ?

ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನಿಗೆ ದೂರದ ಊರಿನ ಕಾಲೇಜೊಂದರಲ್ಲಿ ಸ್ಥಳ ದೊರೆತಿದ್ದಿತು. ತಂದೆಯು ಎರಡೆಕರೆ ಮಳೆಯಾಶ್ರಯದ ಭೂಮಿಯಲ್ಲಿ ರಾಗಿ ಬೆಳೆಯುವ ರೈತ. ಹುಡುಗನು ಮೂರು ವಾರ ಆ ಊರಿನಲ್ಲಿ ಪರಿಚಯದವರ ಅಂಗಡಿಯ ಹಿಂಭಾಗದಲ್ಲಿ ಮಲಗಿದ್ದು, ನಾಲ್ಕನೆಯ ವಾರ ಪೆಟ್ಟಿಗೆಯನ್ನು ಹೊತ್ತುಕೊಂಡು ಹಿಂದಿರುಗಿದನು. ಅವನನ್ನು ಮತ್ತೆ ಕಳುಹಿಸಲು ನಾನು ಪಟ್ಟ ಪ್ರಯತ್ನ ಫಲಿಸಲಿಲ್ಲ. ಈಗ ಅವನು ತಂದೆಯೊಡನೆ ಹೊಲದಲ್ಲಿದ್ದಾನೆ. ಬೇಸಾಯವು ಹೀನವೆಂದು ನಾನು ಹೇಳುತ್ತಿಲ್ಲ. ಅವನು ತಾನಾಗಿ ಆರಿಸಿಕೊಂಡು ನೇಗಿಲು ಹಿಡಿದಿದ್ದರೆ ನನಗೆ ಸಂತೋಷವೇ ಆಗುತ್ತಿದ್ದಿತು. ಆ ದಿನ ಅವನಿಗೆ ಮೂರು ವರ್ಷ ಕಾಲುಚಾಚಲು ಒಂದು ಮೂಲೆ ಸಾಕಾಗಿತ್ತು ಎಂಬುದೇ ನನ್ನ ಮನಸ್ಸನ್ನು ಕೊರೆಯುತ್ತದೆ.

ನಮ್ಮ ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು ಇಂದು ಉಪಾಧ್ಯಾಯರಾಗಿ, ನೌಕರರಾಗಿ, ವ್ಯಾಪಾರಿಗಳಾಗಿ ಎರಡು ರಾಜ್ಯಗಳಲ್ಲಿಯೂ ಹರಡಿದ್ದಾರೆ. ಹಬ್ಬಕ್ಕೂ ಜಾತ್ರೆಗೂ ಅವರೆಲ್ಲರೂ ಊರಿಗೆ ಬರುತ್ತಾರೆ. ದೀಪಾವಳಿಯ ಮರುದಿನಗಳಲ್ಲಿ ಗುಮಟಾಪುರದ ಗೊರೆಹಬ್ಬಕ್ಕೆ ಸೇರುವ ಜನರಲ್ಲಿ ಹಳೆಯ ಸಹಪಾಠಿಗಳು ಒಬ್ಬರನ್ನೊಬ್ಬರು ಗುರುತಿಸಿ ತಬ್ಬಿಕೊಳ್ಳುವುದನ್ನು ನಾನು ನೋಡಿದ್ದೇನೆ. ಆದರೆ ಅವರೆಲ್ಲ ಕುಳಿತು ಮಾತನಾಡಲು, ಕಿರಿಯರಿಗೆ ದಾರಿ ಹೇಳಲು, ನಮಗೊಂದು ಸ್ವಂತ ಸ್ಥಳವಿಲ್ಲ. ನಮ್ಮ ಸಂಘದ ಸಭೆಗಳೂ ಒಬ್ಬರ ಮನೆಯ ಪಡಸಾಲೆಯಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ನಡೆದುಬಂದಿವೆ.

ಎರಡೂವರೆ ಎಕರೆಯ ಶಕ್ತಿ ನಮಗಿಲ್ಲ. ತೋಟದಪ್ಪನವರಂತೆ ಸರ್ವಸ್ವವನ್ನೂ ಕೊಡಿರೆಂದು ಯಾರನ್ನೂ ಕೇಳುವ ಯೋಗ್ಯತೆಯೂ ನನಗಿಲ್ಲ. ಚಾಮರಾಜನಗರದಲ್ಲಿ ಬಾಡಿಗೆಗೆ ಒಂದು ಮನೆ, ಅದರಲ್ಲಿ ನಾಲ್ಕೈದು ಮಂಚಗಳು, ಒಂದು ಒಲೆ, ಗೋಡೆಗೊಂದು ಪುಸ್ತಕದ ಬೀರು. ಇಷ್ಟರಿಂದ ಮೊದಲು ಮಾಡಬಹುದು. ಅಲ್ಲಿ ವಾರದ ದಿನಗಳಲ್ಲಿ ನಮ್ಮ ಮಕ್ಕಳು ಓದಲಿ. ತಿಂಗಳಿಗೊಂದು ಭಾನುವಾರ ಹಳೆಯ ವಿದ್ಯಾರ್ಥಿಗಳು ಬಂದು ಸೇರಲಿ. ಆ ಬಾಗಿಲು ತಾಳವಾಡಿಯ ಹುಡುಗನಿಗೂ, ಆಸನೂರಿನ ಹುಡುಗನಿಗೂ, ಕಾಡಂಚಿನ ಸೋಲಿಗರ ಹಾಡಿಯ ಹುಡುಗನಿಗೂ ಸಮನಾಗಿ ತೆರೆದಿರಲಿ. ಹೆಣ್ಣುಮಕ್ಕಳಿಗೂ ಇಂತಹದೇ ಏರ್ಪಾಡು ಇದರ ಬೆನ್ನಿಗೇ ಆಗಲಿ. ತೋಟದಪ್ಪನವರು ಎಲ್ಲಿಂದ ಹೊರಟರೋ ಅಲ್ಲಿಂದಲ್ಲದೆ, ಅವರ ನಿಲಯದ ಹುಡುಗನು ಸಿದ್ಧಗಂಗೆಯಲ್ಲಿ ಎಲ್ಲಿಗೆ ಮುಟ್ಟಿಸಿದನೋ ಅಲ್ಲಿಂದ ನಾವು ಹೊರಡೋಣ.

ಈ ಸಂಚಿಕೆಯನ್ನು ಓದಿ ಮುಗಿಸಿದ ಹಳೆಯ ವಿದ್ಯಾರ್ಥಿಗಳು, ತಾವು ಓದುವ ದಿನಗಳಲ್ಲಿ ಯಾರ ಮನೆಯಲ್ಲಿ ಮಲಗಿದ್ದೆವು, ಯಾರ ಕೈಯನ್ನವನ್ನು ಉಂಡೆವು ಎಂಬುದನ್ನು ಒಂದು ನಿಮಿಷ ನೆನೆಯಬೇಕೆಂದು ಪ್ರಾರ್ಥಿಸುತ್ತೇನೆ. ಆ ಋಣವನ್ನು ಕೊಟ್ಟವರಿಗೇ ತೀರಿಸುವುದು ಬಹುಪಾಲು ನಮಗೆ ಸಾಧ್ಯವಾಗುವುದಿಲ್ಲ. ಮುಂದೆ ಬರುವ ಮಕ್ಕಳಿಗೆ ತೀರಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಪುಣ್ಯಸ್ಮರಣೆಯು ನಮಗೆ ಆ ಬುದ್ಧಿಯನ್ನು ಕೊಡಲಿ.